ಮರೆವಿನ ಹಿರಿಯರಿಗೆ ಯಾವ ಆರೈಕೆ: ಮನೆ, ಹೋಮ್ ನರ್ಸ್, ಡೇ ಕೇರ್, ವಸತಿ ಕೇಂದ್ರ

ಡಿಮೆನ್ಶಿಯಾ (ಮರೆವು, ಗೊಂದಲ ಹೆಚ್ಚುತ್ತಲೇ ಹೋಗುವ ಮಿದುಳಿನ ಕಾಯಿಲೆ) ಇರುವ ಅಪ್ಪನನ್ನೋ ಅತ್ತೆಯನ್ನೋ ಎಲ್ಲಿ, ಯಾರು ನೋಡಿಕೊಳ್ಳಬೇಕು ಎಂಬ ಮಾತು ಎದ್ದಾಗ ಮನೆಯವರು ಮೊದಲು ಲೆಕ್ಕ ಹಾಕುವುದು ಖರ್ಚನ್ನು, ಆಮೇಲೆ ನೆಂಟರ ಬಾಯಿಯನ್ನು. ಎರಡನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೂ ಮುಂಚೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕೂರುವುದು ಒಳ್ಳೆಯದು. ದಿನದ 24 ಗಂಟೆಗಳಲ್ಲಿ ಈ ಮನೆಗೆ ಭಾರವಾಗಿರುವ ಗಂಟೆಗಳು ಯಾವುವು? ಬೆಳಗಿನ ಸ್ನಾನದ ಜಗಳವೇ, ಎಲ್ಲರೂ ಕೆಲಸಕ್ಕೆ ಹೋದ ಮೇಲಿನ ಮಧ್ಯಾಹ್ನವೇ, ಸ್ವಂತ ಮನೆಯಲ್ಲೇ ಕುಳಿತು "ನಮ್ಮ ಮನೆಗೆ ಹೋಗಬೇಕು" ಎಂದು ಚಡಪಡಿಸುವ ಸಂಜೆಯೇ, ಅಥವಾ ಎರಡು ಗಂಟೆಗೆ ಎದ್ದು ಗೇಟಿನ ಚಿಲಕಕ್ಕೆ ಕೈ ಹಾಕುವ ರಾತ್ರಿಯೇ? ಯಾವ ವ್ಯವಸ್ಥೆಯನ್ನು ಆರಿಸಿಕೊಂಡರೂ ಅದು ಕೆಲವು ಗಂಟೆಗಳನ್ನು ಮಾತ್ರ ಹೊರುತ್ತದೆ, ಉಳಿದದ್ದನ್ನು ಮನೆಯವರ ತಲೆಯ ಮೇಲೇ ಬಿಡುತ್ತದೆ. ಇಲ್ಲಿನ ಹೋಲಿಕೆಗೆ ಅದೇ ಅಳತೆಗೋಲು.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇವರನ್ನು ನೋಡಿಕೊಳ್ಳುತ್ತಿರುವವರಲ್ಲಿ ಬಹುಪಾಲು ಸಂಬಳವಿಲ್ಲದ ಮನೆಯವರೇ. ಇಂಥವರು ಪ್ರತಿದಿನ ಸರಾಸರಿ 5 ಗಂಟೆ ಆರೈಕೆಗೆ ಕೊಡುತ್ತಾರೆ, ಆರೈಕೆಯ ಒಟ್ಟು ಸಮಯದಲ್ಲಿ ಶೇ 70ರಷ್ಟು ಹೆಂಗಸರದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಆ ಹೆಂಗಸು ಹೆಂಡತಿ, ಮಗಳು ಅಥವಾ ಸೊಸೆ. ಆದ್ದರಿಂದ ಈ ಬರಹದಲ್ಲಿ "ಮನೆಯವರು" ಎಂದು ಬಂದ ಕಡೆಯಲ್ಲೆಲ್ಲ ಯಾರ ಮುಖ ಕಣ್ಣೆದುರು ಬರಬೇಕೋ ಓದುಗರೇ ನಿರ್ಧರಿಸಲಿ.

ಹೋಲಿಸುವ ಮುನ್ನ ಒಂದು ತಪಾಸಣೆ

ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿ ಮಂದವಾಗಿರುವುದು, ಬಿದ್ದು ಪೆಟ್ಟಾಗಿ ತಲೆಯೊಳಗೆ ನಿಧಾನವಾಗಿ ಸೇರಿಕೊಂಡ ರಕ್ತ, ನಿದ್ದೆಯ ಅಥವಾ ಅಲರ್ಜಿಯ ಮಾತ್ರೆ, ಇವುಗಳಲ್ಲಿ ಯಾವುದೇ ಒಂದು ಅದೇ ಚಿತ್ರವನ್ನು ತೋರಿಸಬಹುದು. ಇವಕ್ಕೆ ಚಿಕಿತ್ಸೆ ಇದೆ. ಇನ್ನೊಂದು ಎಚ್ಚರ: ಡಿಮೆನ್ಶಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಮೊನ್ನೆಯವರೆಗೆ ಸುಮಾರಾಗಿದ್ದವರು ಎರಡೇ ದಿನದಲ್ಲಿ ಪೂರ್ತಿ ಗೊಂದಲಕ್ಕೆ ಬಿದ್ದರೆ ಅದು ಮೂತ್ರದ ಸೋಂಕು, ನಿರ್ಜಲೀಕರಣ, ಮಲಬದ್ಧತೆ ಅಥವಾ ಹೊಸ ಔಷಧದ ಕೆಲಸ ಇರಬಹುದು. ಅಂಥ ವಾರದಲ್ಲಿ "ಇನ್ನು ಮನೆಯಲ್ಲಿ ಆಗುವುದಿಲ್ಲ" ಎಂದು ತೀರ್ಮಾನಿಸಿ ವಸತಿ ಕೇಂದ್ರಕ್ಕೆ ಮುಂಗಡ ಕಟ್ಟಬೇಡಿ. ಮೊದಲು ವೈದ್ಯರ ಬಳಿ ಹೋಗಿ.

ತಪಾಸಣೆಗೆ ಮಾನಸಿಕ ಆರೋಗ್ಯ ಮತ್ತು ನರರೋಗದ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೂಲಕ ಜಿಲ್ಲಾ ಆಸ್ಪತ್ರೆಗಳಲ್ಲೂ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ಮೊದಲ ಭೇಟಿಗೇ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಡೊನೆಪೆಝಿಲ್, ಮೆಮಾಂಟಿನ್‌ನಂತಹ ಮಾತ್ರೆಗಳು ಲಕ್ಷಣಗಳನ್ನು ಕೆಲವರಲ್ಲಿ ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ, ರೋಗವನ್ನು ಗುಣಪಡಿಸುವುದಿಲ್ಲ. ಮಾತ್ರೆ ಸಿಕ್ಕಿತೆಂದು ಆರೈಕೆಯ ಪ್ರಶ್ನೆಯನ್ನು ಮುಂದೂಡುವಂತಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಮನೆಯಲ್ಲೇ, ಮನೆಯವರಿಂದಲೇ

ಆರಂಭದ ಹಂತದಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಹೊಸದನ್ನು ಕಲಿಯುವ ಶಕ್ತಿ ಹೋದರೂ ಕೈಗೆ ಅಭ್ಯಾಸವಾದ ಕೆಲಸ ಬಹಳ ಕಾಲ ಉಳಿಯುತ್ತದೆ. ಮಗನ ಹೆಸರು ತಪ್ಪಿ ಹೇಳುವ ಅಜ್ಜಿ ಅವರೆಕಾಳನ್ನು ತಪ್ಪಿಲ್ಲದೆ ಹಿದುಕುತ್ತಾರೆ, ಹೂ ಕಟ್ಟುತ್ತಾರೆ, ದೇವರ ಮನೆಯ ದೀಪದ ಬತ್ತಿ ಹೊಸೆಯುತ್ತಾರೆ. ಬಚ್ಚಲು ಎಲ್ಲಿ, ನೀರಿನ ಕೊಡ ಎಲ್ಲಿ ಎಂಬುದು ಅವರ ಕಾಲಿಗೆ ಗೊತ್ತಿರುತ್ತದೆ. ಆ ಪರಿಚಯವನ್ನು ಹಣ ಕೊಟ್ಟು ಬೇರೆಡೆ ಕೊಳ್ಳಲಾಗದು.

ಖರ್ಚಿಲ್ಲ ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡಿದ್ದರೆ ಮಾತ್ರ ಲೆಕ್ಕ ತಪ್ಪಿದೆ. ಕೆಲಸ ಬಿಟ್ಟ ಸೊಸೆಯ ಸಂಬಳ, ಆಕೆಯ ಭವಿಷ್ಯನಿಧಿ, ಓದು ನಿಲ್ಲಿಸಿ ಅಜ್ಜಿಯ ಜೊತೆ ಕುಳಿತ ಮೊಮ್ಮಗಳ ವರ್ಷ, ಬೆನ್ನುನೋವು, ಏರಿದ ರಕ್ತದೊತ್ತಡ, ಇವೆಲ್ಲ ಆ ಮನೆ ಕಟ್ಟುತ್ತಿರುವ ಶುಲ್ಕವೇ, ರಸೀದಿ ಮಾತ್ರ ಇಲ್ಲ. ಜೊತೆಗೆ ಮನೆಗೆ ಜನ ಬರುವುದು ನಿಲ್ಲುತ್ತದೆ. ಮದುವೆ, ಗೃಹಪ್ರವೇಶಗಳಿಗೆ ದಂಪತಿಯಲ್ಲಿ ಒಬ್ಬರೇ ಹೋಗುವುದು ರೂಢಿಯಾಗುತ್ತದೆ. ಮಗಳ ಸಂಬಂಧ ಕುದುರುತ್ತಿರುವ ಹೊತ್ತಿಗೆ ಅಜ್ಜನನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳೂ ಇವೆ, "ಆ ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ" ಎಂಬ ಮಾತಿಗೆ ಅಂಜಿ. ನೋಡಿಕೊಳ್ಳುವವರಿಗೆ ವಾರದಲ್ಲಿ ಹಲವು ರಾತ್ರಿ ನಿದ್ದೆ ಇಲ್ಲ ಎಂದಾದರೆ, ಅಥವಾ ಹಿರಿಯರ ಮೇಲೆ ಕೈ ಎತ್ತುವ ಮಟ್ಟಿಗೆ ಸಿಟ್ಟು ಬರುತ್ತಿದೆ ಎಂದಾದರೆ, ಈ ವ್ಯವಸ್ಥೆಯ ಮಿತಿ ಮುಟ್ಟಿದೆ ಎಂದೇ ಅರ್ಥ. ಪ್ರೀತಿ ಕಡಿಮೆಯಾಗಿದೆ ಎಂದಲ್ಲ.

ಮನೆಯ ಆರೈಕೆಯಲ್ಲೇ ನಮ್ಮ ಕಡೆ ನಾಲ್ಕು ಬಗೆ ಇವೆ, ಅವುಗಳ ನಡುವೆ ದೊಡ್ಡ ವ್ಯತ್ಯಾಸವಿದೆ.

ಅಣ್ಣತಮ್ಮಂದಿರ ನಡುವೆ ಪಾಳಿ ಹಾಕುವುದು ಒಂದು. ಮೂರು ತಿಂಗಳು ಹಾಸನ, ಮೂರು ತಿಂಗಳು ಮೈಸೂರು, ಆಮೇಲೆ ಬೆಂಗಳೂರಿನ ಫ್ಲ್ಯಾಟ್. ನ್ಯಾಯವಾಗಿ ಹಂಚಿಕೊಂಡಂತೆ ಕಾಣುತ್ತದೆ, ಆರೋಗ್ಯವಂತ ಹಿರಿಯರಿಗೆ ಹಿತವೂ ಆಗಬಹುದು. ಡಿಮೆನ್ಶಿಯಾ ಇದ್ದವರಿಗೆ ನಾನು ನೋಡಿದ ಮಟ್ಟಿಗೆ ಇದರಷ್ಟು ಕೆಟ್ಟ ಏರ್ಪಾಡು ಮತ್ತೊಂದಿಲ್ಲ. ಬಚ್ಚಲಿನ ದಾರಿ ತಿಳಿಯುವ ಹೊತ್ತಿಗೆ ಮನೆ ಬದಲಾಗಿರುತ್ತದೆ, ಗಾಬರಿ, ಬೀಳುವುದು, ಬಟ್ಟೆಯಲ್ಲೇ ಮೂತ್ರ ಎಲ್ಲವೂ ಮತ್ತೆ ಮೊದಲಿನಿಂದ. ಪಾಳಿ ಬೇಕೇ ಬೇಕಾದರೆ ಮಕ್ಕಳು ಓಡಾಡಲಿ, ಅಮ್ಮ ಒಂದೇ ಕಡೆ ಇರಲಿ. ಬರಲಾಗದ ಮಗ ಹಣ ಕಳಿಸಲಿ, ವರ್ಷಕ್ಕೆ ಕೆಲವು ವಾರ ಬಂದು ನಿಂತು ಅಣ್ಣನ ಮನೆಯವರನ್ನು ಹೊರಗೆ ಕಳಿಸಲಿ.

ಎರಡನೆಯದು ಊರಿನ ಮನೆ. ಹಳ್ಳಿಯಲ್ಲಿ ದಾರಿ ತಪ್ಪಿದವರನ್ನು ಯಾರಾದರೂ ಗುರುತಿಸಿ ಕೈ ಹಿಡಿದು ತಂದು ಬಿಡುತ್ತಾರೆ, ಅದು ಸಣ್ಣ ಭದ್ರತೆಯಲ್ಲ. ಆದರೆ ಬಾವಿ, ಕೆರೆ, ಕೃಷಿಹೊಂಡ, ಕೀಟನಾಶಕದ ಡಬ್ಬಿಗಳೂ ಅಲ್ಲೇ ಇವೆ. ಎಪ್ಪತ್ತೈದರ ಹೆಂಡತಿ ಒಬ್ಬಳೇ ಎಂಬತ್ತರ ಗಂಡನನ್ನು ನೋಡಿಕೊಳ್ಳುತ್ತಿದ್ದರೆ ಅದನ್ನು ಕುಟುಂಬದ ಆರೈಕೆ ಎಂದು ಕರೆಯುವುದು ನಮ್ಮ ಸಮಾಧಾನಕ್ಕೆ ಮಾತ್ರ.

ಮೂರನೆಯದು ಬೆಂಗಳೂರಿನಂತಹ ನಗರದ ಮನೆ. ಆಸ್ಪತ್ರೆ ಹತ್ತಿರ, ನೆರೆಮನೆ ದೂರ. ಲಿಫ್ಟಿನಲ್ಲಿ ಇಳಿದು ರಸ್ತೆಗೆ ಬಂದವರನ್ನು ಯಾರೂ ಗುರುತಿಸುವುದಿಲ್ಲ. ಕಾವಲುಗಾರನಿಗೆ ಫೋಟೋ ತೋರಿಸಿ ಹೇಳಿಡಿ, ಕೈಗೆ ಫೋನ್ ಸಂಖ್ಯೆಯಿರುವ ಕಡಗ ಹಾಕಿ, ಅಡುಗೆ ಮುಗಿದ ಕೂಡಲೇ ಗ್ಯಾಸನ್ನು ರೆಗ್ಯುಲೇಟರ್ ಬಳಿಯೇ ಬಂದ್ ಮಾಡಿ, ಬಚ್ಚಲಿನ ಒಳಚಿಲಕ ತೆಗೆಸಿ.

ನಾಲ್ಕನೆಯದು ಅಮೆರಿಕದ ಮಗನ ಮನೆ. ಆರಂಭದ ಹಂತದಲ್ಲಿ ಹೋಗಿ ಬರುವುದು ಸರಿ. ಅಲ್ಲೇ ಇಟ್ಟುಕೊಳ್ಳುವ ಯೋಚನೆಯಿದ್ದರೆ, ಸಂದರ್ಶಕರ ವಿಮೆ ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತದೆ ಎಂಬುದನ್ನೂ, ಹಗಲಿಡೀ ಮಾತನಾಡುವವರಿಲ್ಲದ ಬಡಾವಣೆಯಲ್ಲಿ ಕನ್ನಡ ಮಾತ್ರ ಬಲ್ಲ ಅಮ್ಮ ಏನು ಮಾಡಬೇಕು ಎಂಬುದನ್ನೂ ಟಿಕೆಟ್‌ಗೆ ಮೊದಲು ಯೋಚಿಸಿ.

ಹೋಮ್ ನರ್ಸ್ ಅಥವಾ ಕೇರ್‌ಟೇಕರ್

ಮಂಗಳೂರು, ಉಡುಪಿ ಕಡೆ ಹೋಮ್ ನರ್ಸ್ ಎನ್ನುತ್ತಾರೆ, ಬೆಂಗಳೂರಿನಲ್ಲಿ ಕೇರ್‌ಟೇಕರ್. ಬಹುತೇಕ ಸಂದರ್ಭದಲ್ಲಿ ಬರುವವರು ನರ್ಸಿಂಗ್ ಓದಿದವರಲ್ಲ, ಅಲ್ಪ ತರಬೇತಿ ಪಡೆದ ಸಹಾಯಕರು. ಸ್ನಾನ, ಊಟ, ಡೈಪರ್, ಮಗ್ಗುಲು ಬದಲಿಸುವ ಕೆಲಸಕ್ಕೆ ಅವರು ಸಾಕು. ಇಂಜೆಕ್ಷನ್, ಗಾಯದ ಡ್ರೆಸಿಂಗ್‌ಗೆ ಬೇರೆ ವ್ಯವಸ್ಥೆ ಬೇಕು.

ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಇಲ್ಲೊಂದು ಮೋಸ ಅಡಗಿದೆ. "24 ಗಂಟೆಯ ಕೇರ್‌ಟೇಕರ್" ಎಂದು ಏಜೆನ್ಸಿ ಕೊಡುವುದು ಒಬ್ಬ ವ್ಯಕ್ತಿಯನ್ನು, ಆಕೆಗೂ ನಿದ್ದೆ ಬೇಕು. ಹಗಲೆಲ್ಲ ದುಡಿದವಳು ರಾತ್ರಿ ನಾಲ್ಕು ಸಲ ಏಳುವ ರೋಗಿಯನ್ನು ಕಾಯುತ್ತಾಳೆ ಎಂದು ನಂಬಿದರೆ ಎರಡನೇ ವಾರಕ್ಕೆ ಆಕೆ ಹೊರಡುತ್ತಾಳೆ, ಅಥವಾ ರೋಗಿಗೆ ನಿದ್ದೆಯ ಮಾತ್ರೆ ಹೆಚ್ಚಾಗುತ್ತದೆ. ರಾತ್ರಿಯೇ ನಿಮ್ಮ ಮನೆಯ ಕಷ್ಟವಾದರೆ 12 ಗಂಟೆಯ ರಾತ್ರಿ ಪಾಳಿಯವರನ್ನೇ ಕೇಳಿ, ಹಗಲನ್ನು ಮನೆಯವರು ಹೊರಲಿ. ಎರಡೂ ಪಾಳಿಗೆ ಜನ ಇಟ್ಟರೆ ತಿಂಗಳ ವೆಚ್ಚ ಒಳ್ಳೆಯ ವಸತಿ ಕೇಂದ್ರದ ಹತ್ತಿರಕ್ಕೆ ಹೋಗಬಹುದು, ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನ್ಯಾಯ.

ಏಜೆನ್ಸಿಗೆ ಕೇಳಬೇಕಾದ ಮುಖ್ಯ ಪ್ರಶ್ನೆ: ಈಕೆ ಓಡಾಡುವ ಡಿಮೆನ್ಶಿಯಾ ರೋಗಿಯನ್ನು ನೋಡಿಕೊಂಡಿದ್ದಾರೆಯೇ, ಅಥವಾ ಹಾಸಿಗೆ ಹಿಡಿದವರನ್ನು ಮಾತ್ರವೇ? ಇವೆರಡೂ ಬೇರೆ ಬೇರೆ ಕೆಲಸ. ನಂತರ ಭಾಷೆ. ನಗರದ ಕೇರ್‌ಟೇಕರ್‌ಗಳಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು. ಶ್ರದ್ಧೆಯಲ್ಲಿ ಕಡಿಮೆಯಿಲ್ಲ. ಆದರೆ ಕಾಯಿಲೆ ಮುಂದುವರಿದಂತೆ ಹಿರಿಯರು ಆಮೇಲೆ ಕಲಿತ ಇಂಗ್ಲಿಷ್, ಹಿಂದಿ ಸೊರಗಿ ಮನೆಮಾತೇ ಹೆಚ್ಚು ಉಳಿಯುವುದು ಸಾಮಾನ್ಯ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಬರೆದ ಅಪ್ಪ ತುಳುವಿನಲ್ಲೋ ಹವ್ಯಕದಲ್ಲೋ ಮಾತ್ರ ಉತ್ತರಿಸುವ ದಿನ ಬರಬಹುದು. ಕನಿಷ್ಠ "ನೀರು, ನೋವು, ಬಚ್ಚಲು, ಹಸಿವು, ಹೆದರಬೇಡಿ" ಇಷ್ಟನ್ನಾದರೂ ಬಂದವರಿಗೆ ಮೊದಲ ದಿನವೇ ಕಲಿಸಿ.

ಒಡವೆಯನ್ನು ಮೊದಲೇ ಲಾಕರಿಗೆ ಸೇರಿಸಿಬಿಡಿ. "ನನ್ನ ಬಳೆ ಕದ್ದರು" ಎನ್ನುವುದು ಈ ಕಾಯಿಲೆಯ ತೀರಾ ಸಾಮಾನ್ಯ ದೂರು. ಬಳೆ ಅಕ್ಕಿ ಡಬ್ಬಿಯಲ್ಲಿ ಸಿಗುವ ಹೊತ್ತಿಗೆ ಬಡ ಹುಡುಗಿಯೊಬ್ಬಳ ಹೆಸರು ಠಾಣೆಯವರೆಗೆ ಹೋಗಿರುತ್ತದೆ. ಹಾಗೆಯೇ ಕೆಲವು ಗಂಡಸರಲ್ಲಿ ಸಂಕೋಚದ ಕಟ್ಟು ಸಡಿಲವಾಗಿ ಅಸಭ್ಯ ನಡವಳಿಕೆ ಕಾಣಿಸಿಕೊಳ್ಳುತ್ತದೆ. ಅಂಥ ಮನೆಗೆ ಗಂಡು ಸಹಾಯಕರೇ ಬೇಕೆಂದು ಏಜೆನ್ಸಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಡೇ ಕೇರ್

ಬೆಳಗ್ಗೆ ಬಿಟ್ಟು ಸಂಜೆ ಕರೆತರುವ ಈ ವ್ಯವಸ್ಥೆಗೆ ನಮ್ಮಲ್ಲಿ ಸಿಗಬೇಕಾದ ಬೆಲೆ ಸಿಕ್ಕಿಲ್ಲ. ಇದು ಹೊರುವುದು ಹಗಲಿನ ಗಂಟೆಗಳನ್ನು ಮಾತ್ರ, ಆದರೆ ರಾತ್ರಿಯನ್ನೂ ಹಗುರ ಮಾಡಬಲ್ಲದು: ಹಗಲಿಡೀ ಟಿವಿ ಮುಂದೆ ತೂಕಡಿಸಿದವರು ರಾತ್ರಿ ಎಚ್ಚರವಿರುತ್ತಾರೆ, ಹಾಡು, ನಡಿಗೆ, ಆಟದಲ್ಲಿ ದಿನ ಕಳೆದವರು ಮಲಗುವ ಸಾಧ್ಯತೆ ಹೆಚ್ಚು. ಸೊಸೆ ಕೆಲಸ ಬಿಡದೆ ಇರಬಹುದು. ಹಿರಿಯರು ತಮ್ಮ ಹಾಸಿಗೆಗೇ ಮರಳುತ್ತಾರೆ, ನೆಂಟರಿಗೂ "ಬಿಟ್ಟುಬಂದರು" ಎನ್ನಲು ಅವಕಾಶವಿಲ್ಲ.

ಕೊರತೆ ಎಂದರೆ ಕೇಂದ್ರಗಳದ್ದೇ. ಡಿಮೆನ್ಶಿಯಾಕ್ಕೆಂದೇ ತರಬೇತಾದ ಡೇ ಕೇರ್‌ಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 1992ರಲ್ಲಿ ಕೇರಳದಲ್ಲಿ ಹುಟ್ಟಿದ ಭಾರತೀಯ ಆಲ್‌ಝೈಮರ್ ಸಂಘದ ಬೆಂಗಳೂರು ಶಾಖೆ ಇಂಥ ವಿಚಾರಣೆಗೆ ಸರಿಯಾದ ಜಾಗಗಳು. ಸಾಮಾನ್ಯ ಹಿರಿಯ ನಾಗರಿಕರ ಕೇಂದ್ರಗಳು ಬೇರೆ ಊರುಗಳಲ್ಲೂ ಇವೆ, ಆದರೆ ಎದ್ದು ಹೊರಟುಬಿಡುವವರನ್ನು ಅಲ್ಲಿ ನೋಡಿಕೊಳ್ಳುವವರಿರುವುದಿಲ್ಲ. ಇನ್ನು ಸಂಚಾರ. ಹೋಗುವುದಕ್ಕೇ ಒಂದೂವರೆ ಗಂಟೆ ವಾಹನದಲ್ಲಿ ಕೂರಬೇಕಾದರೆ ಈ ಆಯ್ಕೆಯನ್ನು ಕೈಬಿಡಿ. ನಡೆದಾಡಬಲ್ಲ, ಸಹಾಯ ಕೊಟ್ಟರೆ ಶೌಚಕ್ಕೆ ಹೋಗಬಲ್ಲ, ಆರಂಭದ ಅಥವಾ ನಡುವಿನ ಹಂತದವರಿಗೆ ಮಾತ್ರ ಇದು ಹೊಂದುತ್ತದೆ. ಮೊದಲ ಕೆಲವು ದಿನ ಹೋಗಲು ಒಪ್ಪದಿದ್ದರೆ ಅದನ್ನೇ ಕೊನೆಯ ಉತ್ತರ ಎಂದುಕೊಳ್ಳಬೇಡಿ. ನಿವೃತ್ತ ಮೇಷ್ಟರಿಗೆ "ಶಾಲೆಗೆ ಹೊತ್ತಾಯಿತು" ಎಂದರೆ ಎದ್ದು ಹೊರಟದ್ದುಂಟು.

ವಸತಿ ಕೇಂದ್ರ, ವೃದ್ಧಾಶ್ರಮ

ಇವೆರಡನ್ನು ಒಂದೇ ಎಂದು ತಿಳಿದು ಅನೇಕರು ಪೆಟ್ಟು ತಿನ್ನುತ್ತಾರೆ. ಸಾಮಾನ್ಯ ವೃದ್ಧಾಶ್ರಮ ತನ್ನ ಕೆಲಸ ತಾನು ಮಾಡಿಕೊಳ್ಳುವ ಹಿರಿಯರಿಗಾಗಿ ಇರುವಂಥದ್ದು. ಮರೆವಿರುವವರನ್ನು ಅನೇಕ ಕಡೆ ಸೇರಿಸಿಕೊಳ್ಳುವುದಿಲ್ಲ. ವಿಷಯ ಮುಚ್ಚಿಟ್ಟು ಸೇರಿಸಿದರೆ ತಿಂಗಳೊಳಗೆ "ಕರೆದುಕೊಂಡು ಹೋಗಿ" ಎಂದು ಫೋನ್ ಬರುತ್ತದೆ, ಆ ಹೋಗಿ ಬರುವುದರಲ್ಲಿ ಹಿರಿಯರು ಇನ್ನಷ್ಟು ಕುಗ್ಗಿರುತ್ತಾರೆ. ಡಿಮೆನ್ಶಿಯಾ ವಸತಿ ಕೇಂದ್ರದಲ್ಲಿ ರಾತ್ರಿಗೂ ಎಚ್ಚರವಿರುವ ಸಿಬ್ಬಂದಿ, ಬೀಗದ ಹೊರಬಾಗಿಲು, ಒಳಗೆ ನಡೆದಾಡಲು ಜಾಗ, ಕರೆದರೆ ಬರುವ ವೈದ್ಯರು ಇರುತ್ತಾರೆ, ಇರಬೇಕು.

ಎರಡು ಪಾಳಿಯ ಕೇರ್‌ಟೇಕರ್‌ಗಳನ್ನು ಬಿಟ್ಟರೆ 24 ಗಂಟೆಯನ್ನೂ ನಿಜವಾಗಿ ಹೊರುವ ಆಯ್ಕೆ ಇದೊಂದೇ. ವೆಚ್ಚವೂ ಹಾಗೆಯೇ, ತಿಂಗಳಿಗೆ ಐದಂಕಿಯ ಮೊತ್ತ. ಜಾಹೀರಾತಿನ ಶುಲ್ಕದ ಮೇಲೆ ಡೈಪರ್, ಔಷಧ, ಫಿಸಿಯೋಥೆರಪಿ, ಆಸ್ಪತ್ರೆಗೆ ಒಯ್ಯುವಾಗ ಜೊತೆಗಾರರ ಖರ್ಚು ಸೇರುತ್ತವೆ. ಠೇವಣಿ ಯಾವಾಗ, ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಮಾನಸಿಕ ಅಸ್ವಸ್ಥತೆ ಎಂಬ ಕಾರಣಕ್ಕೆ ವಿಮಾ ಕಂಪನಿ ಚಿಕಿತ್ಸೆಯ ಖರ್ಚನ್ನು ನಿರಾಕರಿಸುವಂತಿಲ್ಲ, ಆದರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದು ಆಸ್ಪತ್ರೆಯ ಬಿಲ್ಲನ್ನು. ಇಂಥ ಕೇಂದ್ರದ ವಾಸದ ಬಾಡಿಗೆಯಾಗಲಿ, ಕೇರ್‌ಟೇಕರ್ ಸಂಬಳವಾಗಲಿ ಅದರಲ್ಲಿ ಬರುತ್ತದೆಂದು ಎಣಿಸಬೇಡಿ. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಮಾಸಾಶನ ಡೈಪರ್‌ಗೂ ಸಾಲದು. ಕೂಲಿ ಮಾಡುವ ಮನೆಗೆ ಈ ಆಯ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ದೂರದಲ್ಲಿದೆ. ಮಾರ್ಗದರ್ಶಿ ಬರೆಯುವವರು ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ನೋಡಲು ಹೋಗುವಾಗ ಬೆಳಗಿನ ಹನ್ನೊಂದಕ್ಕೆ ಹೋಗಬೇಡಿ. ಆ ಹೊತ್ತಿಗೆ ಎಲ್ಲ ಕೇಂದ್ರಗಳೂ ಚೆನ್ನಾಗಿರುತ್ತವೆ. ಸಂಜೆ ಆರರ ಸುಮಾರಿಗೆ, ಹಿರಿಯರ ತಳಮಳ ಏರುವ ಹೊತ್ತಿಗೆ ಹೋಗಿ. ಮೂತ್ರದ ವಾಸನೆ ಇದೆಯೇ, ಉಗುರು ಕತ್ತರಿಸಿದ್ದಾರೆಯೇ, ಕುರ್ಚಿಗೆ ಯಾರನ್ನಾದರೂ ಕಟ್ಟಿದ್ದಾರೆಯೇ ನೋಡಿ. ಸಿಬ್ಬಂದಿ ಕೊರತೆಯ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಎಂದು ಕೇಳಿ. ಗಲಾಟೆ ಮಾಡುವವರಿಗೆ ಏನು ಕೊಡುತ್ತೀರಿ ಎಂದೂ ಕೇಳಿ: ಮನೋವಿಕಲ್ಪಕ್ಕೆ ಕೊಡುವ ಬಲವಾದ ಮಾತ್ರೆಗಳು (ಆಂಟಿಸೈಕೋಟಿಕ್) ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಅನಿವಾರ್ಯವಾದಾಗ ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲಕ್ಕೆ ಎನ್ನುವ ಉತ್ತರ ಬಂದರೆ ಅಲ್ಲಿ ಓದಿಕೊಂಡವರಿದ್ದಾರೆ. "ನಮ್ಮಲ್ಲಿ ಎಲ್ಲರೂ ಚೆನ್ನಾಗಿ ಮಲಗುತ್ತಾರೆ" ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಕೆಲವು ಕೇಂದ್ರಗಳು ಒಂದೆರಡು ವಾರದ ಅಲ್ಪಾವಧಿ ವಾಸಕ್ಕೂ ಸೇರಿಸಿಕೊಳ್ಳುತ್ತವೆ. ನೋಡಿಕೊಳ್ಳುವವರಿಗೆ ಆಪರೇಷನ್ ಆದಾಗ, ಮನೆಯಲ್ಲಿ ಮದುವೆಯಿದ್ದಾಗ ಉಪಯೋಗಕ್ಕೆ ಬರುತ್ತದೆ, ಜೊತೆಗೆ ಆ ಕೇಂದ್ರದ ಪರೀಕ್ಷೆಯೂ ಆಗುತ್ತದೆ. ಸೇರಿಸುವಾಗ ಅವರ ಹಳೆಯ ಕಂಬಳಿ, ದೇವರ ಪಟ, ನಿತ್ಯ ಕುಡಿಯುವ ಲೋಟ ಜೊತೆಗಿರಲಿ. ಊಟ, ಮಡಿ, ಹಾಡು, ಹೆದರುವ ವಿಷಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಭೇಟಿ ತಪ್ಪಿಸಬೇಡಿ. ಮನೆಯವರು ವಾರವಾರ ಬರುವ ರೋಗಿಯ ಹಾಸಿಗೆಯನ್ನು ಸಿಬ್ಬಂದಿ ಹೆಚ್ಚು ಜಾಗ್ರತೆಯಿಂದ ನೋಡುತ್ತಾರೆ ಎಂಬುದು ಕಹಿಯಾದರೂ ನಿಜ.

ಕೊನೆಯ ಹಂತಕ್ಕೆ ಬಂದಾಗ

ನಡೆಯುವುದು, ಮಾತು, ನುಂಗುವುದು ಒಂದೊಂದಾಗಿ ನಿಂತಾಗ ಹೋಲಿಕೆ ಮತ್ತೆ ತಲೆಕೆಳಗಾಗುತ್ತದೆ. ಓಡಾಟದ ಭಯ ಇಲ್ಲದ್ದರಿಂದ, ಮನೆಯಲ್ಲಿ ಸಾಧ್ಯವಿಲ್ಲ ಎಂದು ಕೇಂದ್ರಕ್ಕೆ ಸೇರಿಸಿದವರನ್ನು ಒಬ್ಬ ಹೋಮ್ ನರ್ಸ್ ಸಹಾಯದಿಂದ ಮನೆಗೇ ತಂದಿಟ್ಟುಕೊಳ್ಳಬಹುದು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮುಖ್ಯ ಕೆಲಸ. ಮೂಗಿನ ನಳಿಕೆ ಹಾಕಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ಮುಂದುವರಿದ ಡಿಮೆನ್ಶಿಯಾದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ, ತಾಳ್ಮೆಯಿಂದ ಕೈಯಾರೆ ತಿನ್ನಿಸುವುದನ್ನೇ ವೃದ್ಧರ ವೈದ್ಯಶಾಸ್ತ್ರ ಶಿಫಾರಸು ಮಾಡುತ್ತದೆ. ಗಂಜಿಗೆ ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯನ್ನು ಕೊಡುವವರು ಎಲ್ಲಿದ್ದಾರೋ ಅದೇ ಈ ಹಂತದ ಸರಿಯಾದ ಜಾಗ.

ಯಾವ ದಾರಿ ಹಿಡಿದರೂ ಬೇಕಾದ ಕಾಗದಪತ್ರ

ರೋಗ ಪತ್ತೆಯಾದ ಮೊದಲ ತಿಂಗಳುಗಳಲ್ಲೇ, ಹಿರಿಯರಿಗೆ ಇನ್ನೂ ತಿಳಿವಳಿಕೆ ಇರುವಾಗ ಇವನ್ನು ಮುಗಿಸಿ. ಸಾಮಾನ್ಯ ಅಧಿಕಾರ ಪತ್ರವನ್ನು ನೆಚ್ಚಿಕೊಳ್ಳಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಕೊನೆಗೊಳ್ಳುತ್ತದೆ ಎಂಬುದು ಭಾರತೀಯ ಒಪ್ಪಂದ ಕಾಯ್ದೆಯ ನಿಯಮ. ವಿಲ್ ಬರೆಯಲೂ ಸ್ವಸ್ಥ ಮನಸ್ಸು ಬೇಕು, ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಮುಂದೆ ಅಣ್ಣತಮ್ಮಂದಿರ ವ್ಯಾಜ್ಯ ಕಡಿಮೆ. ಚಿಕಿತ್ಸೆಯ ತೀರ್ಮಾನಕ್ಕೆ 2017ರ ಕಾಯ್ದೆಯಡಿ ನಾಮನಿರ್ದೇಶಿತ ಪ್ರತಿನಿಧಿಯನ್ನು ಹಿರಿಯರೇ ಹೆಸರಿಸಬಹುದು. ನೋಡಿಕೊಳ್ಳುವ ಮಗನಿಗೋ ಮಗಳಿಗೋ ಮನೆಯನ್ನು ದಾನಪತ್ರ ಮಾಡುವುದಾದರೆ "ಆರೈಕೆ ಮಾಡಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಅದನ್ನು ರದ್ದು ಮಾಡಿಸಿಕೊಳ್ಳಲು ದಾರಿಯಿದೆ. ಜೀವನಾಂಶಕ್ಕೂ ಅಲ್ಲೇ ಅರ್ಜಿ.

ಪಿಂಚಣಿಯ ಜೀವನ ಪ್ರಮಾಣಪತ್ರಕ್ಕಾಗಿ ನವೆಂಬರ್‌ನಲ್ಲಿ ಅವರನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಮುಖ ಗುರುತಿಸುವ ಮೊಬೈಲ್ ವ್ಯವಸ್ಥೆ ಇದೆ, ಅಂಚೆ ಸಿಬ್ಬಂದಿ ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ. ದಾರಿ ಕಾಣದಾದಾಗ ಕರೆ ಮಾಡಲು ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರ ಮನಸ್ಸೇ ಕುಸಿಯುತ್ತಿದ್ದರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.